ಬಂಡೆಯ ಮೇಲಿನ ಸಣ್ಣವನು

1915ರಲ್ಲಿ ಬಂಗಾರದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಮಸ್ಕಿಯ ಗುಡ್ಡದ ಒಂದು ಬಂಡೆ ಬಿತ್ತು. ಆಗ ಇದು ನಿಜಾಮರ ಸೀಮೆ. ಬಂಡೆಯ ಮೇಲಿದ್ದದ್ದು ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಇಲ್ಲಿ. ಅಂದಿನಿಂದ ಪಠ್ಯಪುಸ್ತಕಗಳಿಗೆ ಮಸ್ಕಿ ಎಂದರೆ ಆ ಒಂದು ಹೆಸರು.

ಅದೇ ಬಂಡೆಯ ಮೇಲೆ, ಹೆಸರಿನ ಕೆಳಗೆ ಇನ್ನೊಂದು ಮಾತಿದೆ. ಧರ್ಮದಲ್ಲಿ ನಡೆದರೆ ಸಣ್ಣವನೂ ಇದನ್ನು ಮುಟ್ಟಬಲ್ಲ, ದೊಡ್ಡವನಿಗೆ ಮಾತ್ರ ಇದು ಸಾಧ್ಯ ಎಂದು ತಿಳಿಯಬಾರದು, ಇಬ್ಬರಿಗೂ ಇದನ್ನು ಹೇಳಬೇಕು ಎಂಬುದು ಅದರ ತಾತ್ಪರ್ಯ. ಶಾಸನದ 'ಖುದಕ' ಎಂದರೆ ಹೊಲೆಯ, ಮಾದಿಗ ಎಂದು ಎಳೆದು ತರುವುದು ಬೇಡ. ಅದು ಚರಿತ್ರೆಗೆ ಮಾಡುವ ಮೋಸ, ನಮ್ಮದೇ ಒಂದು ಆತ್ಮರತಿ. ಆದರೆ ಒಂದು ಮಾತು ಖರೆ. 'ಇದು ನನ್ನಂಥವನಿಗಲ್ಲ' ಎಂಬ ನಂಬಿಕೆ 2,200 ವರ್ಷಗಳ ಹಿಂದೆಯೂ ಇದ್ದಿರಬೇಕು. ಇಲ್ಲದಿದ್ದರೆ ಹಾಗೆ ತಿಳಿಯಬೇಡಿ ಎಂದು ಬಂಡೆಯಲ್ಲಿ ಕೊರೆಸುವ ಗರಜು ರಾಜನಿಗೆ ಯಾಕೆ ಬೀಳುತ್ತಿತ್ತು?

ಲಿಂಗಸುಗೂರು ಸೀಮೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಮಂದಿ ನೆಲ ಬಗೆದು ಬಂಗಾರ ತೆಗೆದಿದ್ದರು. ಅವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಸಿಂಧನೂರು ಭತ್ತದ ಕಣಜ ಎನಿಸಿಕೊಂಡಿತು. ಕೆಸರಲ್ಲಿ ಸೊಂಟ ಬಗ್ಗಿಸಿ ನಾಟಿ ಹಚ್ಚಿದ ಹೆಣ್ಣುಮಕ್ಕಳ ಹೆಸರು ಯಾವ ಭಾಷಣದಲ್ಲೂ ಬರುವುದಿಲ್ಲ. ದೊಡ್ಡವನು ತನ್ನ ಹೆಸರನ್ನೇ ನೋಡಿಕೊಂಡು ಉಬ್ಬುತ್ತಾನೆ, ಸಣ್ಣವನು ತನ್ನ ಹೆಸರು ಎಲ್ಲೂ ಕಾಣದೆ ಕುಗ್ಗುತ್ತಾನೆ. ಆತ್ಮರತಿ, ಆತ್ಮದ್ವೇಷ ಎರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು.

ಈ ನೊಗ ಇಡೀ ನಾಡಿಗೆ ಎದ್ದು ಕಂಡದ್ದು 1973ರ ನವೆಂಬರಿನಲ್ಲಿ. ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಬೂಸಾ ಎಂದರೆ ದನಕ್ಕೆ ಹಾಕುವ ಹೊಟ್ಟು. ನಾಡು ಹೊತ್ತಿಕೊಂಡಿತು. ಮೆರವಣಿಗೆ ಹೊರಟವು. ದಲಿತ ವಿದ್ಯಾರ್ಥಿಗಳ ಮೇಲೆ ಏಟು ಬಿದ್ದವು. ಬಸವಲಿಂಗಪ್ಪ ಕನ್ನಡದ್ರೋಹಿ ಎನಿಸಿಕೊಂಡು ರಾಜೀನಾಮೆ ಕೊಡಬೇಕಾಯಿತು. ಕನ್ನಡಿಗರ ಭಾವನೆಗೆ ನೋವಾಗಿದೆ ಎಂಬುದು ಆಗ ಕೇಳಿಬಂದ ಕಾರಣ.

ಇದೇ ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟವರು. ಮನುಷ್ಯನ ತಲೆಯಿಂದ ಮಲ ಸೋರುತ್ತಿದ್ದಾಗ ನೋಯದ ಭಾವನೆ ಎರಡಕ್ಷರದ ಒಂದು ಮಾತಿಗೆ ನೊಂದಿತು. ಹಾಗಾದರೆ ಸೂಕ್ಷ್ಮ ಎಂಬುದು ಯಾರ ಚರ್ಮಕ್ಕೆ? ಕನ್ನಡಿ ಮುಂದೆ ನಿಂತವನಿಗೆ ಕನ್ನಡಿ ಅಲುಗಾಡಿದರೂ ಗಾಯವಾದಂತೆ ಕಾಣುತ್ತದೆ. ಆ ಏಟು ತಿಂದ ಹುಡುಗರ ಸಿಟ್ಟಿನಿಂದಲೇ ದಲಿತ ಸಂಘರ್ಷ ಸಮಿತಿಗೆ ಬಲ ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟುವ ಹೊತ್ತಿಗೆ ಸಾಹಿತ್ಯ ಯಾರ ನೋವಿಗೆ ಮಿಡಿಯಬೇಕು ಎಂಬ ಪ್ರಶ್ನೆಯನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

ಹೊರಗಿನವರ ಕನ್ನಡಿ ಒಡೆದ ಮೇಲೆ ನಮ್ಮೊಳಗೇ ಜಗಳ ಎದ್ದಿತು. ಹಲಗೆ ಬಡಿಯುವುದನ್ನು ಬಿಡಬೇಕೋ, ಅದನ್ನೇ ಹೋರಾಟದ ವಾದ್ಯ ಮಾಡಿಕೊಳ್ಳಬೇಕೋ? ಬಿಡಬೇಕು ಅಂದವರಿಗೆ 'ನಿಮ್ಮ ಕುಲದ ಮೇಲೆ ನಿಮಗೇ ಹೇಸಿಗೆ' ಅಂದರು. ಬಡಿಯಬೇಕು ಅಂದವರಿಗೆ 'ಗುಲಾಮಗಿರಿಗೆ ಹೂವಿನ ಹಾರ ಹಾಕುತ್ತೀರಿ' ಅಂದರು. ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್' ಕೃತಿಯಲ್ಲಿ, ದಲಿತರು ಸಿಟ್ಟಿನ ಭರದಲ್ಲಿ ತಮ್ಮ ಸಾಂಸ್ಕೃತಿಕ ನೆನಪನ್ನೇ ಕಳಕೊಳ್ಳಬಾರದು ಎಂದು ವಾದಿಸಿದರು. ಆ ಎಚ್ಚರ ಬೇಕು. ಆದರೆ ಹಲಗೆ ಚರ್ಮದ್ದು, ಅದಕ್ಕೆ ಮಾನ ಅವಮಾನ ಎರಡೂ ಇಲ್ಲ. 'ಇವತ್ತು ಬಡಿಯೋದಿಲ್ಲ, ಹೋಗ್ರಿ' ಎಂದು ಗೌಡರ ಅಂಗಳದಲ್ಲಿ ನಿಂತು ಹೇಳಬಲ್ಲವನ ಕೈಯಲ್ಲಿ ಅದು ವಾದ್ಯ. ಹೇಳಲಾರದವನ ಕೈಯಲ್ಲಿ ಅದು ಬಿಟ್ಟಿ ಚಾಕರಿ. ಒಲ್ಲೆ ಅನ್ನುವುದು ಆತ್ಮದ್ವೇಷವಲ್ಲ. ಒಲ್ಲೆ ಅನ್ನುವ ಹಕ್ಕು ಗಳಿಸದೆ ಪರಂಪರೆ ಎಂದು ಹಾಡಿ ಹೊಗಳುವುದು ಆತ್ಮಗೌರವವೂ ಅಲ್ಲ.

ಇದೇ ಅಳತೆಗೋಲನ್ನು ನಮ್ಮ ಮನೆಯೊಳಗೂ ಹಿಡಿಯಬೇಕು. ಮಾದಿಗರು ಒಳಮೀಸಲಾತಿ ಕೇಳಿದಾಗ 'ಒಗ್ಗಟ್ಟು ಒಡೀತಾರ' ಎಂದು ಬಾಯಿ ಮುಚ್ಚಿಸಿದವರು ಹೊರಗಿನವರಷ್ಟೇ ಅಲ್ಲ. ಸದಾಶಿವ ಆಯೋಗ ನೇಮಕವಾದದ್ದು 2005ರಲ್ಲಿ, ವರದಿ ಬಂದದ್ದು 2012ರಲ್ಲಿ. ಉಪವರ್ಗೀಕರಣ ಮಾಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಆಗಸ್ಟ್ 1ರಂದು. ಅಷ್ಟು ವರ್ಷ ಕಾದವರ ನೋವಿಗಿಂತ ಒಗ್ಗಟ್ಟು ಎಂಬ ಮಾತೇ ನಮಗೆ ದೊಡ್ಡದಾಗಿದ್ದರೆ, ಬೂಸಾ ಎಂದದ್ದಕ್ಕೆ ಕೆರಳಿದವರಿಗೂ ನಮಗೂ ಏನು ಫರಕು? ಕೇರಿಯೊಳಗೂ ಒಬ್ಬ ಸಣ್ಣವನಿದ್ದಾನೆ, ಹೆಣ್ಣಾಗಿದ್ದರೆ ಇನ್ನೂ ಸಣ್ಣವಳು. ಅವರು ಮಾತಾಡಿದಾಗ ನಮಗೆ ಸಿಟ್ಟು ಬಂದರೆ, ಆ ಸಿಟ್ಟಿಗೆ ರಾಜಕೀಯ ಸೂಕ್ಷ್ಮ ಎಂಬ ಹೆಸರಿಡುವ ಮೊದಲು ಎರಡು ಸಲ ಯೋಚಿಸೋಣ.

ಮಕ್ಕಳನ್ನು ಮಸ್ಕಿಗೆ ಕರಕೊಂಡು ಹೋಗುವ ಮಾಸ್ತರರೇ, ಅಶೋಕನ ಹೆಸರು ತೋರಿಸಿರಿ, ತಪ್ಪಿಲ್ಲ. ಆಮೇಲೆ ಬೆರಳನ್ನು ಕೆಳಗಿಳಿಸಿರಿ. ಸಣ್ಣವನ ಸಾಲು ಬಂದಾಗ ನಿಲ್ಲಿರಿ. ಹಿಂದಿನ ಬೆಂಚಿನ ಹುಡುಗ ಹುಡುಗಿಯರನ್ನು ಮುಂದೆ ಕರೆದು, ಅದರ ಅರ್ಥವನ್ನು ಅವರ ಬಾಯಿಂದಲೇ ಹೇಳಿಸಿರಿ.