ಪೋರುಮಾಮಿಳ್ಳ ಶಾಸನವೂ ಕೆರೆಯ ಷಡ್ದೋಷಗಳೂ

ತಟಾಕನಿರ್ಮಾಣವನ್ನು ನಮ್ಮ ಪೂರ್ವಿಕರು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ್ದರು. ಸಂತಾನವೆಂದ ಮೇಲೆ ಅದು ಕಟ್ಟಿಸಿದವನ ಆಯುಸ್ಸನ್ನು ಮೀರಿ ಬಾಳಬೇಕಷ್ಟೆ. ಪ್ರಾಚೀನ ಜಲಾಶಯಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ದಾನಿಯ ಪುಣ್ಯವನ್ನೂ ಏರಿಯ ಹಿರಿಮೆಯನ್ನೂ ಕೊಂಡಾಡಿ ನಿಲ್ಲುವರು; ಆ ಜಲಾಶಯವು ತಲೆಮಾರುಗಳ ಕಾಲ ಉಳಿಯಲು ಕಟ್ಟಿಸಿದವರು ಮೊದಲೇ ಏನನ್ನು ಆಲೋಚಿಸಿದ್ದರೆಂಬ ವಿಚಾರಕ್ಕೆ ಕೈಹಾಕುವವರು ವಿರಳ. ಈ ವಿಚಾರಕ್ಕೆ ಮುಖ್ಯವಾದ ಆಧಾರವೊಂದು ಪೋರುಮಾಮಿಳ್ಳದ ಸಂಸ್ಕೃತಶಾಸನದಲ್ಲಿ ದೊರೆಯುತ್ತದೆ.

ಪೋರುಮಾಮಿಳ್ಳವು ಆಂಧ್ರದೇಶದ ಕಡಪಾ ಸೀಮೆಯಲ್ಲಿದೆ. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾಗಿ ಉದಯಗಿರಿಯಿಂದ ಆಳುತ್ತಿದ್ದ ಭಾಸ್ಕರನೆಂಬ ಭವದೂರನು ಅಲ್ಲಿ ಅನಂತರಾಜಸಾಗರವೆಂಬ ಕೆರೆಯನ್ನು ಕಟ್ಟಿಸಿ, ಶಕವರ್ಷ 1291ರಲ್ಲಿ, ಎಂದರೆ ಕ್ರಿ. ಶ. 1369ರಲ್ಲಿ, ಈ ಶಾಸನವನ್ನು ಹಾಕಿಸಿದನು. ಇದನ್ನು ಸಂಪಾದಿಸಿ ‘ಎಪಿಗ್ರಾಫಿಯಾ ಇಂಡಿಕಾ’ದ 14ನೆಯ ಸಂಪುಟದಲ್ಲಿ ಪ್ರಕಟಿಸಿದವರು ಮುಂದೆ ಮಹಾಭಾರತದ ಸಂಶೋಧಿತ ಪರಿಷ್ಕರಣದಿಂದ ಪ್ರಖ್ಯಾತರಾದ ವಿ. ಎಸ್. ಸುಕ್ಥಣಕರರು. ಪ್ರತಿದಿನವೂ ಸಾವಿರ ಮಂದಿ ಆಳುಗಳೂ ಕಲ್ಲು ಸಾಗಿಸುವ ನೂರು ಬಂಡಿಗಳೂ ದುಡಿದು, ಎರಡು ವರ್ಷಗಳಲ್ಲಿ ಕೆರೆಯು ಮುಗಿಯಿತೆಂದು ಶಾಸನವು ಹೇಳುತ್ತದೆ. ಆ ಕೆರೆಯು ಇಂದಿಗೂ ಇದೆ.

ಶಾಸನಕರ್ತನು ಉತ್ತಮವಾದ ಕೆರೆಗೆ ಹನ್ನೆರಡು ಅಂಗಗಳನ್ನು ಹೇಳುತ್ತಾನೆ. ಧರ್ಮಿಷ್ಠನೂ ಧನಿಕನೂ ಕೀರ್ತಿಕಾಮನೂ ಆದ ರಾಜನು; ಜಲಶಾಸ್ತ್ರವನ್ನು ಬಲ್ಲ ಬ್ರಾಹ್ಮಣನು; ಗಟ್ಟಿಮಣ್ಣಿನ ನೆಲ; ಮೂರು ಯೋಜನ ಹರಿದುಬಂದ ಸಿಹಿನೀರಿನ ನದಿ; ಕೆರೆಗೆ ಒತ್ತಿಕೊಂಡ ಬೆಟ್ಟ; ಬೆಟ್ಟಗಳ ನಡುವೆ ಅತಿದೀರ್ಘವಲ್ಲದ ದೃಢವಾದ ಕಲ್ಲಿನ ಏರಿ; ವಿಸ್ತಾರವೂ ಆಳವೂ ಉಳ್ಳ ಕೆರೆಯಂಗಳ; ನೆಟ್ಟನೆಯ ಉದ್ದದ ಕಲ್ಲುಗಳು ಸಿಕ್ಕುವ ಗಣಿ; ಸಮೀಪದಲ್ಲಿ ಸಮತಟ್ಟಾದ ಫಲವತ್ತಾದ ಭೂಮಿ; ಕೆಲಸದಲ್ಲಿ ನುರಿತವರ ತಂಡ — ಇವೇ ಮೊದಲಾದುವು. ಇವುಗಳಲ್ಲಿ ಧನ, ವಿದ್ಯೆ, ಸ್ಥಳ, ಸಾಮಗ್ರಿ, ಶ್ರಮ ಎಲ್ಲವೂ ಅಡಕವಾಗಿವೆ.

ನಮ್ಮ ಪ್ರಕೃತವಿಚಾರಕ್ಕೆ ಇದಕ್ಕಿಂತಲೂ ಬೆಲೆಯುಳ್ಳದ್ದು ಅನಂತರ ಬರುವ ಷಡ್ದೋಷಗಳ ಎಣಿಕೆ. ಏರಿಯಲ್ಲಿ ನೀರು ಜಿನುಗುವುದು, ನೆಲವು ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು, ಅಂಗಳದ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ನೀರು ಅಲ್ಪವಾಗಿ ನೆಲವು ಅಧಿಕವಾಗಿರುವುದು, ನೆಲವು ಅಲ್ಪವಾಗಿ ನೀರು ಅಧಿಕವಾಗಿರುವುದು — ಇವೇ ಆ ಆರು. ಇವುಗಳಲ್ಲಿ ಜಿನುಗು, ಚೌಳು, ದಿಬ್ಬ ಈ ಮೂರೂ ಕಟ್ಟುವ ಕಾಲದಲ್ಲಿಯೇ ಕುಶಲನ ಕಣ್ಣಿಗೆ ಬೀಳತಕ್ಕವು. ಉಳಿದ ಮೂರು ಹಾಗಲ್ಲ. ನೀರಿಗೂ ಅಚ್ಚುಕಟ್ಟಿಗೂ ಇರುವ ಪ್ರಮಾಣವು ವರ್ಷಗಳು ಉರುಳಿದಂತೆ ಕೆಡುವುದು. ಗಡಿಯ ವಿವಾದವು ಪ್ರಭುತ್ವಗಳು ಬದಲಾದಂತೆ ಮೇಲೇಳುವುದು. ಇಂತಹ ಮುಂದಿನ ಅನರ್ಥಗಳನ್ನು ಕಲ್ಲು ಮಣ್ಣುಗಳ ದೋಷದೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಿದುದೇ ಈ ಶಾಸನದ ದೂರದೃಷ್ಟಿಯೆಂದು ನನ್ನ ಅಭಿಪ್ರಾಯ.

ಆದರೆ ಈ ಪಟ್ಟಿಯಲ್ಲಿ ಒಂದು ಕೊರತೆಯುಂಟು. ಕೆರೆಗೆ ಕಾಲಾಂತರದಲ್ಲಿ ಮೃತ್ಯುಪ್ರಾಯವಾದ ಹೂಳಿನ ಮಾತು ಆರು ದೋಷಗಳಲ್ಲಿ ಇಲ್ಲ. ಈ ಕೊರತೆಯನ್ನು ತುಂಬುವುವು ಕನ್ನಡನಾಡಿನ ದಾನಶಾಸನಗಳು. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಕೊಡಗೆ, ದಸವಂದ ಎಂಬ ಹೆಸರುಗಳಿಂದ ಕೆರೆಯನ್ನು ಕಟ್ಟಿದವರಿಗೂ ಕಾಪಾಡುವವರಿಗೂ ಭೂಮಿಯನ್ನೋ ಉತ್ಪನ್ನದ ಭಾಗವನ್ನೋ ಬಿಟ್ಟ ನಿದರ್ಶನಗಳು ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಹರಡಿಕೊಂಡಿವೆ. ಹೂಳನ್ನು ಹೊರುವ ಬಂಡಿಗೂ ಅದಕ್ಕೆ ಕಟ್ಟುವ ಕೋಣಗಳಿಗೂ ಪ್ರತ್ಯೇಕವಾಗಿ ದತ್ತಿಯಿಟ್ಟುದುಂಟು. ಈ ವ್ಯವಸ್ಥೆಯ ಮರ್ಮವೇನೆಂದರೆ, ಕೆರೆಯ ರಕ್ಷಣೆಯ ವೆಚ್ಚವು ಕೆರೆಯ ನೀರಿನಿಂದಲೇ ಬೆಳೆದ ಬೆಳೆಯಿಂದ ಹುಟ್ಟಬೇಕು. ವರ್ಷವರ್ಷವೂ ಅರಸನ ಬೊಕ್ಕಸದ ಮುಖವನ್ನು ನೋಡಬೇಕಾಗಬಾರದು. ತೂಬನ್ನು ತೆಗೆದು ಮುಚ್ಚಿ ನೀರು ಹಂಚುವ ನೀರಗಂಟಿಯ ಜೀವನವೂ ಹೀಗೆಯೇ ಊರಿನ ಉತ್ಪನ್ನದ ಮೇಲೆ ನಿಂತಿತ್ತು. ದತ್ತಿಯು ಅಳಿದ ಕಡೆ ಹೂಳು ಬೆಳೆಯಿತು. ಹೂಳು ಬೆಳೆದ ಕಡೆ ಐದನೆಯ ದೋಷವು, ಎಂದರೆ ನೀರು ಅಲ್ಪವಾಗಿ ನೆಲವು ಅಧಿಕವಾಗುವುದು, ತಾನಾಗಿಯೇ ಒದಗಿತು.

ಅದೇ ಐದನೆಯ ದೋಷವು ಆಧುನಿಕಕಾಲದಲ್ಲಿ ಬೇರೊಂದು ರೂಪದಿಂದ ಎದುರಾಯಿತು. ಮುಂಬಯಿ ಪ್ರಾಂತದ ನೀರಾ ನಾಲೆಯ ಬಯಲಿನಲ್ಲಿ ಕಬ್ಬು ಬೆಳೆಯುವವರು ಮಿತಿಮೀರಿ ನೀರನ್ನೆಳೆದು, ತಮ್ಮ ನೆಲವನ್ನು ಜವುಗು ಮಾಡಿಕೊಂಡು, ಇತರರಿಗೆ ನೀರಿಲ್ಲದಂತೆ ಮಾಡುತ್ತಿದ್ದರು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಅಲ್ಲಿ ‘ಬ್ಲಾಕ್’ ಪದ್ಧತಿಯನ್ನು ಸೂಚಿಸಿದರು. ಪ್ರತಿಯೊಂದು ಗ್ರಾಮದಲ್ಲಿಯೂ ಆಯ್ದ ತಾಕುಗಳಿಗೆ ಮಾತ್ರ ನೀರನ್ನು ಗೊತ್ತುಮಾಡಿ, ಬಹುನೀರಿನ ಬೆಳೆಯನ್ನು ಒಂದಂಶಕ್ಕೆ ಮಿತಗೊಳಿಸಿ, ಬೆಳೆಗಳನ್ನು ಸರದಿಯಂತೆ ತಿರುಗಿಸುವುದೇ ಅದರ ತತ್ತ್ವ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಮುಖ್ಯನಾಲೆಯ ಅಚ್ಚುಕಟ್ಟಿಗೂ ಕಬ್ಬು, ಬತ್ತ, ಅರೆನೀರಾವರಿಯ ಬೆಳೆ ಎಂಬ ಮೂರು ವರ್ಷಗಳ ಸರದಿಯನ್ನೇ ಉದ್ದೇಶಿಸಲಾಗಿತ್ತು. ಕಾಲಕ್ರಮದಲ್ಲಿ ಸರದಿಯು ಸಡಿಲವಾಗಿ ಬತ್ತವೂ ಕಬ್ಬೂ ಹಬ್ಬಿದುವು. ನಾಲೆಯ ಕೊನೆಯ ರೈತನು ನೀರಿಗಾಗಿ ಕಾಯಬೇಕಾಗಿ ಬಂದುದಕ್ಕೆ ಮಳೆಯ ಕೊರತೆಯೊಂದೇ ಕಾರಣವಲ್ಲ.

ಮೂರನೆಯ ದೋಷಕ್ಕೆ ಕಾವೇರಿಗಿಂತ ಬೇರೆ ಉದಾಹರಣೆ ಬೇಕಿಲ್ಲ. ಶಾಸನವು ಹೇಳುವುದು ಗಡಿಯ ಮೇಲಿರುವ ಕೆರೆಯನ್ನು. ಗಡಿಯನ್ನು ದಾಟಿ ಹರಿಯುವ ನದಿಗೆ ಆ ನ್ಯಾಯವನ್ನು ವಿಸ್ತರಿಸುವುದು ಅಸಂಗತವಾಗಲಾರದು. ಮೈಸೂರು ಮದರಾಸುಗಳ ನಡುವೆ 1892ರಲ್ಲಿಯೂ 1924ರಲ್ಲಿಯೂ ಒಪ್ಪಂದಗಳಾದುವು. 1990ರಲ್ಲಿ ನ್ಯಾಯಮಂಡಲಿ ಏರ್ಪಟ್ಟಿತು. 2007ರಲ್ಲಿ ಅದರ ಅಂತಿಮನಿರ್ಣಯವೂ 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ಬಂದುವು. ತೀರ್ಪು ಪಾಲನ್ನು ಗೊತ್ತುಮಾಡಬಲ್ಲುದೇ ಹೊರತು ಬಂದ ಪಾಲಿಗೆ ತಕ್ಕಂತೆ ಬೆಳೆಯನ್ನು ಗೊತ್ತುಮಾಡಲಾರದು. ಅದು ಅಚ್ಚುಕಟ್ಟಿನವರೇ ಮಾಡಿಕೊಳ್ಳಬೇಕಾದ ಕಾರ್ಯ.

ಆದುದರಿಂದ ನೀರಾವರಿಯ ದೀರ್ಘಾಲೋಚನೆಗೆ ನಮ್ಮ ಪ್ರಾಚೀನರಿಂದ ಎರಡು ಸೂತ್ರಗಳು ಲಭಿಸಿದಂತಾಯಿತು: ನೀರಿಗೆ ತಕ್ಕಷ್ಟು ನೆಲ, ಮತ್ತು ರಕ್ಷಣೆಗೆ ತಕ್ಕಷ್ಟು ದತ್ತಿ. ಮೊದಲನೆಯದನ್ನು ಪೋರುಮಾಮಿಳ್ಳದ ಶಾಸನವು ಲಕ್ಷಣರೂಪದಲ್ಲಿ ಹೇಳಿತು. ಎರಡನೆಯದನ್ನು ಕನ್ನಡದ ಶಾಸನಗಳು ಆಚರಣೆಯಲ್ಲಿ ತೋರಿಸಿದುವು. ಬಿತ್ತುವಟ್ಟದ ಶಾಸನಗಳನ್ನು ತಾಲ್ಲೂಕುವಾರು ಒಂದೆಡೆ ಸೇರಿಸಿ, ಅವು ಹೇಳುವ ಕೆರೆಗಳ ಈಗಿನ ಸ್ಥಿತಿಯೊಡನೆ ಹೋಲಿಸಿ ನೋಡಿದರೆ, ಯಾವ ಕೆರೆಯು ಏತರಿಂದ ಉಳಿಯಿತು, ಯಾವುದು ಏತರಿಂದ ಅಳಿಯಿತು ಎಂಬುದು ವಿಶದವಾದೀತು. ಶಾಸನಾಭ್ಯಾಸಿಗಳಾದ ತರುಣ ವಿದ್ವಾಂಸರು ಈ ಕಾರ್ಯವನ್ನು ಕೈಗೊಂಡರೆ ಭಾಷೆಗೂ ಬೇಸಾಯಕ್ಕೂ ಏಕಕಾಲದಲ್ಲಿ ಉಪಕಾರವಾಗುವುದು.