ಯಾರೋ ಮಾಮೌಟ್: ಕ್ರಯಪತ್ರದಲ್ಲಿ ಉಳಿದ ಒಂದು ಮುಸ್ಲಿಮ್ ಹೆಸರು

ಅಮೇರಿಕದ ಮುಸ್ಲಿಮರ ಇತಿಹಾಸವನ್ನು ಇಪ್ಪತ್ತನೆಯ ಶತಮಾನದ ವಲಸೆಯಿಂದ ಆರಂಭಿಸುವ ರೂಢಿ ನಮ್ಮಲ್ಲಿದೆ. ಅಲ್ಲಿನ ಭೂದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಇಂದು ವಾಷಿಂಗ್ಟನ್ ನಗರದ ಭಾಗವಾಗಿರುವ ಜಾರ್ಜ್‌ಟೌನ್‌ನಲ್ಲಿ, 1800ರ ಫೆಬ್ರವರಿಯಲ್ಲಿ, ಫ್ರಾನ್ಸಿಸ್ ಡೀಕಿನ್ಸ್ ಎಂಬ ಭೂಮಾಪಕನಿಂದ ಒಬ್ಬ ಮುಸ್ಲಿಮ್ ವೃದ್ಧರು ಒಂದು ನಿವೇಶನವನ್ನು ಖರೀದಿಸಿದರು. ಅವರ ಹೆಸರು ಯಾರೋ ಮಾಮೌಟ್. ನಾಲ್ಕು ವರ್ಷಗಳ ಹಿಂದಿನವರೆಗೆ ಅವರು ಗುಲಾಮರಾಗಿದ್ದರು.

ಕನ್ನಡದ ಕಿವಿಗೆ 'ಯಾರೋ' ಎಂದರೆ ಗುರುತಿಲ್ಲದವನು. ಆದರೆ ಇದು ಪಶ್ಚಿಮ ಆಫ್ರಿಕಾದ ಫುಲಾನಿ ಜನರ ಹೆಸರು. 'ಮಾಮೌಟ್' ಎಂಬುದು ಮಹಮೂದ್ ಎಂಬುದರ ಬದಲಾದ ರೂಪವೆಂದು ತಿಳಿಯಲಾಗಿದೆ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡದ್ದರಿಂದ ಇಂತಹ ಹೆಸರುಗಳನ್ನು ಹುಡುಕುವವರು ನಾಲ್ಕಾರು ಕಾಗುಣಿತಗಳನ್ನು ನೋಡಲೇಬೇಕಾಗುತ್ತದೆ.

ಅಲ್ಲಿನ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಜಮೀನು ಕೈಬದಲಾದಾಗ ಕ್ರಯಪತ್ರದ ಪೂರ್ಣ ಪ್ರತಿಯನ್ನು ಗುಮಾಸ್ತನು ದಪ್ಪ ವಹಿಯಲ್ಲಿ ಕೈಬರಹದಿಂದ ಇಳಿಸಿಕೊಳ್ಳುತ್ತಿದ್ದನು. ಮಾರಿದವರ ಮತ್ತು ಕೊಂಡವರ ಹೆಸರುಗಳಿಗೆ ಪ್ರತ್ಯೇಕ ಸೂಚಿಗಳಿರುತ್ತವೆ. ಇಂದಿನ ಒಡೆಯನು ಯಾರಿಂದ ಕೊಂಡನು, ಆ ಮಾರಿದವನು ಯಾರಿಂದ ಪಡೆದಿದ್ದನು ಎಂದು ಹಿಂದಕ್ಕೆ ಹೋದರೆ ಒಡೆತನದ ಸರಪಳಿ ತೆರೆದುಕೊಳ್ಳುತ್ತದೆ. ಒಂದು ತೊಡಕೆಂದರೆ ಕೌಂಟಿಗಳೇ ಒಡೆದು ಬೇರೆಯಾಗುತ್ತಿದ್ದವು. ಜಾರ್ಜ್‌ಟೌನ್ ಮೊದಲು ಮೇರಿಲ್ಯಾಂಡಿನ ಫ್ರೆಡರಿಕ್ ಕೌಂಟಿಯಲ್ಲಿತ್ತು. 1776ರಲ್ಲಿ ಹೊಸದಾಗಿ ರಚನೆಯಾದ ಮಾಂಟ್‌ಗೊಮರಿ ಕೌಂಟಿಗೆ ಸೇರಿತು. ಬಳಿಕ ಒಕ್ಕೂಟದ ರಾಜಧಾನಿಯ ಎಲ್ಲೆಯೊಳಗೆ ಬಂತು. ಒಂದೇ ನಿವೇಶನದ ಹಿಂದಿನ ಕಥೆಗಾಗಿ ಮೂರು ಕಡೆಯ ವಹಿಗಳನ್ನು ತಿರುವಬೇಕು.

ಈ ದಾಖಲೆಗಳಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಸಂಗತಿ ಇನ್ನೊಂದಿದೆ. ಹೊಲ, ಮನೆ, ಕುದುರೆಗಳೊಂದಿಗೆ ಮನುಷ್ಯರೂ ಅಲ್ಲಿ ಸ್ವತ್ತುಗಳೇ. ಯಾರೋ ಅವರು 1752ರಲ್ಲಿ 'ಎಲೈಜಾ' ಎಂಬ ಹಡಗಿನಲ್ಲಿ ಅನಾಪೊಲಿಸ್ ಬಂದರಿಗೆ ತರಲ್ಪಟ್ಟರು. ಸ್ಯಾಮ್ಯುಯೆಲ್ ಬೀಲ್ ಎಂಬವನು ಅವರನ್ನು ಕೊಂಡನು. ಅವನ ನಂತರ ಮಗ ಬ್ರೂಕ್ ಬೀಲ್‌ನ ಪಾಲಿಗೆ ಅವರು ಪಿತ್ರಾರ್ಜಿತ ಆಸ್ತಿಯಂತೆ ಬಂದರು. ಹೊಸ ಮನೆಗೆ ಇಟ್ಟಿಗೆ ಮಾಡಿಕೊಟ್ಟರೆ ಬಿಡುಗಡೆ ನೀಡುವೆನೆಂದು ಬ್ರೂಕ್ ಮಾತು ಕೊಟ್ಟಿದ್ದನು. ಇಟ್ಟಿಗೆಗಳು ಸಿದ್ಧವಾದವು, ಆದರೆ ಅವನು ತೀರಿಕೊಂಡನು. ವಿಧವೆಯು ಆ ಮಾತನ್ನು ಉಳಿಸಿಕೊಟ್ಟಳು. 1796ರಲ್ಲಿ ಬಿಡುಗಡೆಯಾದಾಗ ಅವರಿಗೆ ಸುಮಾರು ಅರುವತ್ತು ವರ್ಷ. ಸ್ವತ್ತಾಗಿ ಕಾಗದಕ್ಕೇರಿದ ವ್ಯಕ್ತಿ ನಾಲ್ಕೇ ವರ್ಷಗಳಲ್ಲಿ ಸ್ವತ್ತಿನ ಒಡೆಯರಾಗಿ ಕಾಗದದಲ್ಲಿ ಕಾಣಿಸಿಕೊಂಡರು.

ಹಣ ಎಲ್ಲಿಂದ ಬಂತು? 1819ರಲ್ಲಿ ಅವರ ಭಾವಚಿತ್ರ ಬರೆದ ಕಲಾವಿದ ಚಾರ್ಲ್ಸ್ ವಿಲ್ಸನ್ ಪೀಲ್ ತನ್ನ ದಿನಚರಿಯಲ್ಲಿ ಅದನ್ನು ವಿವರವಾಗಿ ದಾಖಲಿಸಿದ್ದಾನೆ. ಹಗಲಿಡೀ ಕೂಲಿ, ರಾತ್ರಿ ಬಲೆ ಮತ್ತು ಬುಟ್ಟಿ ಹೆಣೆಯುವ ಕೆಲಸ. ಹೀಗೆ ಕೂಡಿದ 100 ಡಾಲರುಗಳನ್ನು ಒಬ್ಬ ವರ್ತಕನಲ್ಲಿ ಇಟ್ಟರು; ಅವನು ಸತ್ತನು, ಹಣ ಹೋಯಿತು. ಮತ್ತೆ ದುಡಿದು 100 ಡಾಲರು ಕೂಡಿಸಿ ಇನ್ನೊಬ್ಬನಲ್ಲಿ ಇಟ್ಟರು, ಅವನು ದಿವಾಳಿಯೆದ್ದನು. ಮೂರನೆಯ ಬಾರಿಯ ಉಳಿತಾಯವನ್ನು ಕೊಲಂಬಿಯಾ ಬ್ಯಾಂಕಿನ ಶೇರುಗಳಲ್ಲಿ ಹೂಡಿದರು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನು ನೇಮಿಸಬೇಕು ಎಂಬ ಆದೇಶವಿರುವ ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತವೇ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಎಂಬುದು ಇಲ್ಲಿ ನಮಗೆ ನೆನಪಾಗುತ್ತದೆ. ಅವರು ಬೀದಿಯಲ್ಲಿ ನಡೆಯುವಾಗಲೂ ದೇವಸ್ತುತಿ ಮಾಡುತ್ತಿದ್ದರು, ಹಂದಿ ಮಾಂಸ ಮತ್ತು ಮದ್ಯದಿಂದ ದೂರವಿದ್ದರು ಎಂದೂ ಪೀಲ್ ಬರೆದಿದ್ದಾನೆ.

1803ರಲ್ಲಿ ಅವರು ಮನೆಯನ್ನು ಮಗ ಅಕ್ವಿಲ್ಲಾನ ಹೆಸರಿಗೆ ಬರೆದುಕೊಟ್ಟರು. ಮಗನಿಗೆ ಆಗ ಹದಿನೈದು ವರ್ಷದ ಆಸುಪಾಸು. ಬಿಡುಗಡೆಗೊಂಡವರ ಸ್ವಾತಂತ್ರ್ಯವನ್ನು ಯಾರೂ ಪ್ರಶ್ನಿಸಬಹುದಾಗಿದ್ದ ಆ ಕಾಲದಲ್ಲಿ ಇದು ಆಸ್ತಿಯನ್ನು ಕಾಪಾಡುವ ಮುನ್ನೆಚ್ಚರಿಕೆಯಾಗಿದ್ದಿರಬಹುದು ಎಂದು ನಮಗನಿಸುತ್ತದೆ. ಆದರೂ ಕಾಲಾನಂತರ ತೆರಿಗೆ ಬಾಕಿಯ ಕಾರಣ ಆ ಮನೆ ಕುಟುಂಬದ ಕೈತಪ್ಪಿತು. ಉಳಿದದ್ದು ಇನ್ನೊಂದು ಪತ್ರ. ಯಾರೋ ಅವರು ಸ್ಥಳೀಯ ವರ್ತಕನೊಬ್ಬನಿಗೆ ಅಡಮಾನದ ಮೇಲೆ ಸಾಲ ಕೊಟ್ಟಿದ್ದರು. ಆ ಬಾರಿ ಅದು ಬಾಯಿಮಾತಿನದ್ದಾಗಿರಲಿಲ್ಲ. ಅವರು ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ, 1843ರಲ್ಲಿ, ಸಹೋದರಿಯ ಮಗಳು ನ್ಯಾನ್ಸಿ ಹಿಲ್ಮನ್ ಆ ಪತ್ರವನ್ನು ಆಧರಿಸಿ ನ್ಯಾಯಾಲಯಕ್ಕೆ ಹೋಗಿ ಹಣವನ್ನು ವಸೂಲು ಮಾಡಿದಳು. ಒಬ್ಬ ಕಪ್ಪು ಮಹಿಳೆ ಗುಲಾಮಗಿರಿ ಕಾನೂನುಬದ್ಧವಾಗಿದ್ದ ನಗರದಲ್ಲಿ ಗೆದ್ದ ಮೊಕದ್ದಮೆ ಅದು.

ಈ ಎಳೆಗಳನ್ನು ವಕೀಲ ಜೇಮ್ಸ್ ಜಾನ್ಸ್ಟನ್ ದಫ್ತರುಗಳಿಂದ ಒಂದೊಂದಾಗಿ ಹೆಕ್ಕಿ 2012ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1823ರ ಜನವರಿಯಲ್ಲಿ ನಿಧನರಾದ ಯಾರೋ ಅವರನ್ನು, ಅವರು ಸದಾ ಪ್ರಾರ್ಥಿಸುತ್ತಿದ್ದ ತೋಟದ ಮೂಲೆಯಲ್ಲೇ ದಫನ ಮಾಡಲಾಯಿತೆಂದು ಪೀಲ್ ಬರೆದ ಮರಣವಾರ್ತೆ ಹೇಳುತ್ತದೆ. ಡೆಂಟ್ ಪ್ಲೇಸ್ ಎಂಬ ಬೀದಿಯ ಆ ನಿವೇಶನದಲ್ಲಿ ಹೊಸ ಕಟ್ಟಡ ಏಳುವ ಮುನ್ನ, 2015ರಲ್ಲಿ, ನಗರದ ಪುರಾತತ್ವ ತಜ್ಞರು ಉತ್ಖನನ ನಡೆಸಿದರು. ಅವರ ಖಬರಿನ ಕುರುಹು ಅಲ್ಲಿ ಸಿಗಲಿಲ್ಲ.