ಚಾಸಿಯಿಂದ ಬಸ್ಸಿಗೆ: ಮಲೆನಾಡಿನ ವಾಹನ ರಸ್ತೆಗಿಳಿಯುವ ಮುನ್ನ

ಹೆದ್ದಾರಿಯಲ್ಲಿ ಹೋಗುವಾಗ ಒಂದು ವಿಚಿತ್ರ ವಾಹನವನ್ನು ನೀವೂ ಕಂಡಿರಬಹುದು. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವುಗಳ ಕೆಳಗೆ ಚಕ್ರಗಳು, ಮುಂದೊಂದು ಎಂಜಿನ್. ಮೇಲೆ ಮಾಡಿಲ್ಲ, ಬದಿಗೆ ಬಾಗಿಲಿಲ್ಲ, ಎದುರಿಗೆ ಗಾಜಿಲ್ಲ. ತಲೆಗೆ ಟವೆಲು ಸುತ್ತಿಕೊಂಡ ಚಾಲಕ ತಾತ್ಕಾಲಿಕ ಆಸನದ ಮೇಲೆ ಕುಳಿತು, ಗಾಳಿಗೆ ಮುಖವೊಡ್ಡಿ ಅದನ್ನು ಓಡಿಸುತ್ತಿರುತ್ತಾನೆ. ಇದೇ ಚಾಸಿ. ಕಾರ್ಖಾನೆಯಿಂದ ಹೊರಟು ಬಾಡಿ ಕಟ್ಟುವ ಶೆಡ್ಡಿನ ಕಡೆಗೆ ಅದರ ಪಯಣ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಜನರನ್ನು ದಶಕಗಳ ಕಾಲ ಹೊತ್ತು ತಿರುಗಿದ ಖಾಸಗಿ ಬಸ್ಸುಗಳ ಜನ್ಮವೃತ್ತಾಂತವೂ ಇದೇ. ಅರ್ಧ ಕಾರ್ಖಾನೆಯ ಸರಕು, ಅರ್ಧ ಕೈಕೆಲಸ. ಹೀಗೆ ಎರಡು ಕಡೆ ಹುಟ್ಟಿದ ವಾಹನ ಜನರನ್ನು ಕೂರಿಸಿಕೊಳ್ಳಲು ಯೋಗ್ಯವೆಂದು ಹೇಳುವವರು ಯಾರು? ಯಾವ ಆಧಾರದ ಮೇಲೆ?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಡೇಹಳ್ಳಿ ಎನ್ನಿಸಿಕೊಂಡಿದ್ದ ಇಂದಿನ ನರಸಿಂಹರಾಜಪುರಕ್ಕೆ ತರೀಕೆರೆಯಿಂದ ಕಿರುಹಳಿಯ ರೈಲು ಬಂತು. ರೈಲಿನ ಹಳಿ, ಗಾಡಿ, ತಪಾಸಣೆ ಮೂರೂ ಒಂದೇ ಆಡಳಿತದ ಕೈಯಲ್ಲಿದ್ದವು. ಮೋಟಾರಿನ ಕತೆ ಹಾಗಲ್ಲ. ರಸ್ತೆ ಸರ್ಕಾರದ್ದು, ಚಾಸಿ ವಿದೇಶದ್ದು, ಬಾಡಿ ಊರ ಬಡಗಿಯದ್ದು. ಮರದ ಚೌಕಟ್ಟಿಗೆ ತಗಡು ಹೊದಿಸಿದರೆ ಬಸ್ಸು ಸಿದ್ಧ. ಬ್ರಿಟಿಷ್ ಭಾರತದಲ್ಲಿ 1914ರ ಮೋಟಾರು ಕಾಯ್ದೆ ವಾಹನಗಳ ನೋಂದಣಿಗೆ ದಾರಿ ಮಾಡಿತು. ಬಾಡಿಗೆಗೆ ಓಡುವ ವಾಹನಕ್ಕೆ ಅರ್ಹತಾ ಪತ್ರ, ಅಂದರೆ ನಾವು 'ಎಫ್‌ಸಿ' ಎನ್ನುವ ಕಾಗದ ಬೇಕೆಂದು 1939ರ ಕಾಯ್ದೆ ಹೇಳಿತು. ಸ್ವಾತಂತ್ರ್ಯಾನಂತರ ಈ ಕಾಯ್ದೆ ಮೈಸೂರಿಗೂ ಅನ್ವಯವಾಯಿತು.

ಅದೇ ಹೊತ್ತಿಗೆ ಎರಡನೆಯ ಮಹಾಯುದ್ಧ ಬಂದಿತು. ಪೆಟ್ರೋಲಿಗೆ ಪಡಿತರ. ದೇಶದೆಲ್ಲೆಡೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಗಳು ಏರಿದವು. ಗಾಳಿ ಸಾಲದಂತೆ ಇದ್ದಿಲನ್ನು ಉರಿಸಿದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡ್ ಮತ್ತು ಅಲ್ಪಸ್ವಲ್ಪ ಜಲಜನಕವೇ ಅವುಗಳ ಇಂಧನ. ಅನಿಲದ ಅರ್ಧಕ್ಕೂ ಹೆಚ್ಚು ಭಾಗ ಉರಿಯದ ಸಾರಜನಕ. ಆದುದರಿಂದ ಎಂಜಿನ್ನಿನ ಶಕ್ತಿ ಸಾಕಷ್ಟು ಕುಗ್ಗುತ್ತಿತ್ತು, ಏರಿನಲ್ಲಿ ಬಸ್ಸು ಏದುಸಿರು ಬಿಡುತ್ತಿತ್ತು. ಕಾರ್ಖಾನೆ ಊಹಿಸದ ಭಾರವೊಂದು ಹಿಂಬದಿಗೆ ಬಿದ್ದಿತ್ತು. ಸೋರಿದರೆ ವಿಷಾನಿಲ. ಕಾರ್ಖಾನೆಯ ವಾಹನಕ್ಕೆ ಊರಿನವರು ಏನನ್ನಾದರೂ ಸೇರಿಸಿದಾಗ ಅದರ ಸುರಕ್ಷತೆಗೆ ಹೊಣೆ ಯಾರು ಎಂಬ ಪ್ರಶ್ನೆ ಹೀಗೆ ಕಣ್ಣೆದುರು ಬಂದಿತು.

1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಚಾಸಿಗಳು ತಯಾರಾಗತೊಡಗಿದವು. ಮದರಾಸಿನಲ್ಲಿ ಅಶೋಕ್ ಲೇಲ್ಯಾಂಡ್ ಬಂದಿತು. ಚಾಸಿ ದೇಶೀಯವಾಯಿತಾದರೂ ಬಾಡಿ ಕಟ್ಟುವ ಕೆಲಸ ಸಣ್ಣ ಶೆಡ್ಡುಗಳಲ್ಲೇ ಉಳಿಯಿತು. ಈ ವಾಸ್ತವವನ್ನು ಕಾನೂನೂ ಒಪ್ಪಿಕೊಂಡಿದೆ. 1988ರ ಮೋಟಾರು ವಾಹನ ಕಾಯ್ದೆಯು ತಾತ್ಕಾಲಿಕ ನೋಂದಣಿಗೆ ಒಂದು ತಿಂಗಳ ಅವಧಿ ಕೊಟ್ಟಿತು. ಬಾಡಿ ಕಟ್ಟಲು ಚಾಸಿ ಶೆಡ್ಡಿನಲ್ಲಿ ನಿಂತಿದ್ದರೆ ಆ ಅವಧಿಯನ್ನು ವಿಸ್ತರಿಸಲೂ ಅವಕಾಶವಿತ್ತು. 1989ರ ಕೇಂದ್ರ ನಿಯಮಗಳಲ್ಲಿನ 22-ಎ ನಮೂನೆಗೆ ಎರಡು ಭಾಗ. ಮೊದಲನೆಯದಕ್ಕೆ ಚಾಸಿ ತಯಾರಕನ ಸಹಿ, ಎರಡನೆಯದಕ್ಕೆ ಬಾಡಿ ಕಟ್ಟಿದವನ ಸಹಿ. ಹೊಣೆ ಹೀಗೆ ಹಂಚಿಹೋಯಿತು. ಆ ಬಳಿಕ ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ನಿಲ್ಲಿಸಬೇಕು. ಕೊಪ್ಪ ಸೀಮೆಯ ಬಸ್ಸುಗಳ ಹಣೆಯ ಮೇಲಿನ 'ಕೆಎ-18' ಚಿಕ್ಕಮಗಳೂರು ಕಚೇರಿಯ ಗುರುತು.

ನಿರೀಕ್ಷಕರು ನೋಡುವುದೇನು? ಕೆಲವು ಅಂಶಗಳನ್ನು ಲೆಕ್ಕದಿಂದಲೇ ತಿಳಿಯಬಹುದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ, ಎಲ್ಲ ಚಕ್ರಗಳಿಗೂ ಬ್ರೇಕುಳ್ಳ ವಾಹನ 13 ಮೀಟರಿನೊಳಗೆ ನಿಲ್ಲಬೇಕೆಂಬುದು ನಿಯಮ. ಆ ವೇಗವೆಂದರೆ ಸೆಕೆಂಡಿಗೆ ಸುಮಾರು 8.3 ಮೀಟರ್. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಬೇಕಾದ ವೇಗಾಪಕರ್ಷ ಸೆಕೆಂಡಿನ ವರ್ಗಕ್ಕೆ 2.7 ಮೀಟರ್, ಅಂದರೆ ಗುರುತ್ವ ವೇಗೋತ್ಕರ್ಷದ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ಇದು ಸಮತಟ್ಟಾದ ನೆಲದ ಮಾತು. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಗುರುತ್ವವೇ ಇದರಲ್ಲಿ ಸುಮಾರು 1 ಮೀಟರನ್ನು ಕಿತ್ತುಕೊಳ್ಳುತ್ತದೆ. ಆಗ ಅದೇ ಬ್ರೇಕಿಗೆ 20 ಮೀಟರಿಗೂ ಹೆಚ್ಚು ದೂರ ಬೇಕು. ಅಂಗಳದಲ್ಲಿ ಕಷ್ಟಪಟ್ಟು ಪಾಸಾದ ಬ್ರೇಕು ಘಟ್ಟದಲ್ಲಿ ಸಾಲದು.

ಸ್ಟಿಯರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಸಡಿಲ ಇರಕೂಡದು. ಹಿಂಬದಿಯ ಅಚ್ಚಿನಿಂದಾಚೆಗೆ ಚಾಚಿಕೊಂಡ ಬಾಡಿಯ ಉದ್ದ, ಎರಡು ಅಚ್ಚುಗಳ ನಡುವಿನ ಅಂತರದ ಶೇಕಡ 60ನ್ನು ಮೀರುವಂತಿಲ್ಲ. ಅಚ್ಚುಗಳ ಅಂತರ 5 ಮೀಟರ್ ಇದ್ದರೆ ಬಾಲಕ್ಕೆ 3 ಮೀಟರ್ ಮಾತ್ರ. ಎರಡು ಸಾಲು ಸೀಟು ಹೆಚ್ಚಿಗೆ ಸಿಗಲೆಂದು ಬಾಲ ಬೆಳೆಸುವ ಆಸೆ ಮಾಲೀಕನಿಗೆ ಸಹಜ. ಆದರೆ ತಿರುವಿನಲ್ಲಿ ಮುಂಭಾಗ ಒಳಕ್ಕೆ ಹೊರಳಿದಾಗ ಬಾಲ ಹೊರಕ್ಕೆ ಬೀಸುತ್ತದೆ. ಶೃಂಗೇರಿಯಿಂದ ಕರಾವಳಿಗೆ ಆಗುಂಬೆಯ ಮೂಲಕ ಇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿನ ಹೇರ್‌ಪಿನ್ ತಿರುವುಗಳಲ್ಲಿ ಮಿನಿಬಸ್ಸುಗಳು ಓಡುವುದಕ್ಕೆ ಕಾರಣ ಈ ರೇಖಾಗಣಿತವೇ.

ಈ ತಪಾಸಣೆಗೆ ಇನ್ನೊಂದು ಮುಖವೂ ಉಂಟು. ಮುಚ್ಚಿಹೋದ ಖಾಸಗಿ ಸಾರಿಗೆ ಕಂಪನಿಯೊಂದರ ಕೆಲಸಗಾರರು 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಂಘ ಕಟ್ಟಿದರು. ಅದು 'ಸಹಕಾರ ಸಾರಿಗೆ' ಎಂದೇ ಮನೆಮಾತಾಯಿತು. ಬೆರಳೆಣಿಕೆಯ ಬಸ್ಸುಗಳಿಂದ ಆರಂಭವಾದ ಸಂಘ ಮಲೆನಾಡಿನ ಒಳದಾರಿಗಳನ್ನೆಲ್ಲ ಮುಟ್ಟಿತು. ಅಲ್ಲಿ ಚಾಲಕ, ನಿರ್ವಾಹಕ, ಮೆಕ್ಯಾನಿಕ್ಕರೇ ಒಡೆಯರು. ಎಫ್‌ಸಿಗಾಗಿ ಬಸ್ಸು ನಿಂತ ದಿನದ ನಷ್ಟ ಅವರದ್ದೇ. ಆದರೆ ಬ್ರೇಕು ಸೋತರೆ ಮೊದಲು ಅಪಾಯಕ್ಕೆ ಸಿಗುವವರೂ ಅವರೇ. ನಷ್ಟದ ಹೊರೆ ತಾಳಲಾಗದೆ ಸಂಘವು 2020ರಲ್ಲಿ ಬಸ್ಸು ಓಡಿಸುವುದನ್ನು ನಿಲ್ಲಿಸಿತು.

ಬಾಡಿಯ ಲೋಪ ಎಷ್ಟು ದುಬಾರಿಯಾದೀತು ಎಂಬುದನ್ನು 2013ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸೊಂದು ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತಾಗ ದೇಶ ಕಂಡಿತು. ತುರ್ತು ಬಾಗಿಲು, ಸೀಟುಗಳ ಅಂತರ, ಬೆಂಕಿ ತಡೆಯುವ ಸಾಮಗ್ರಿ ಮುಂತಾದವನ್ನು ವಿಧಿಸುವ 'ಎಐಎಸ್-052' ಎಂಬ ಬಸ್ ಬಾಡಿ ಸಂಹಿತೆ 2001ರಲ್ಲೇ ರೂಪುಗೊಂಡಿತ್ತು. ಅದು ಕಡ್ಡಾಯವಾಗಿ ಜಾರಿಗೆ ಬರಲು ಮಾತ್ರ ವರ್ಷಗಳೇ ಹಿಡಿದವು.

ಹಾಗಾದರೆ ತೋಟದ ಶೆಡ್ಡಿನಲ್ಲಿ ಹಳೆಯ ಎಂಜಿನ್ ಜೋಡಿಸಿ ಇಡೀ ವಾಹನವನ್ನೇ ಕಟ್ಟಿದವನ ಗತಿಯೇನು? ಉತ್ತರ ಭಾರತದ 'ಜುಗಾಡ್' ಗಾಡಿಗಳೂ ಮೋಟಾರು ವಾಹನಗಳೇ, ಅವಕ್ಕೂ ಕಾಯ್ದೆ ಅನ್ವಯ ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಕೇರಳದ ಪ್ರಕರಣವೊಂದರಲ್ಲಿ 2019ರಲ್ಲಿ ತೀರ್ಪಿತ್ತಿತು. ನಿಯಮ 126ರ ಪ್ರಕಾರ ಪ್ರತಿ ಮಾದರಿಯ ಮೂಲಪ್ರತಿ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಗೊಳಪಡಬೇಕು. ಸಾವಿರಾರು ವಾಹನ ಮಾರುವ ಕಂಪನಿಗೆ ಈ ವೆಚ್ಚ ಹಂಚಿಹೋಗುತ್ತದೆ. ಒಂದೇ ವಾಹನ ಕಟ್ಟಿದ ಮೆಕ್ಯಾನಿಕ್ಕಿಗೆ ಅದು ದಾಟಲಾಗದ ಘಟ್ಟ. ಬ್ರಿಟನ್ನಿನಲ್ಲಿ 1998ರಿಂದ ಬಿಡಿ ವಾಹನಗಳನ್ನೇ ಒಂದೊಂದಾಗಿ ಪರೀಕ್ಷಿಸಿ ಒಪ್ಪುವ ಕ್ರಮವಿದೆ. 2009ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು.

ಇಲ್ಲಿ ಗಮನಿಸಬೇಕಾದುದೊಂದಿದೆ. 13 ಮೀಟರಿನ ನಿಯಮ ವಾಹನ ಎಲ್ಲಿ ಹುಟ್ಟಿತೆಂದು ಕೇಳುವುದಿಲ್ಲ. ಅದು ಕೇಳುವುದು ನಿಲ್ಲುತ್ತದೆಯೇ ಎಂದು ಮಾತ್ರ. ಕೈಕೆಲಸದ ಬಾಡಿಗೆ ಎರಡು ಸಹಿಗಳ ನಮೂನೆಯೊಂದನ್ನು ಕಾನೂನು ರೂಪಿಸಿತು. ಕೈಕೆಲಸದ ವಾಹನಕ್ಕೂ ಅಂಥದೊಂದು ದಾರಿ ತೆರೆಯುವುದಾದರೆ, ಪರೀಕ್ಷೆ ಸಡಿಲವಾಗದೆ ಅಗ್ಗವಾಗಬೇಕು. ಏಕೆಂದರೆ ಘಟ್ಟದ ಇಳಿಜಾರು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.